ಕೆರೆಯ ಮಾತು, ಕಡತದ ಮಾತು

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಕಡೆಯ ವಿದ್ಯಾರ್ಥಿಗಳಿಗೆ ಸೂಳೆಕೆರೆ, ಅಂದರೆ ಶಾಂತಿಸಾಗರ, ಹೊಸದಲ್ಲ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಹರಿದ್ರಾ ಹೊಳೆಯನ್ನು ತಡೆದು ಕಟ್ಟಿದ ಕೆರೆಯಿದು. ಮೈಸೂರು ಸಂಸ್ಥಾನದ ಇಂಗ್ಲಿಷ್ ಕಡತಗಳಲ್ಲಿ ಕೆರೆ ‘ಟ್ಯಾಂಕ್’ ಆಯಿತು. ಏರಿ ‘ಬಂಡ್’, ತೂಬು ‘ಸ್ಲೂಯಿಸ್’, ಕೋಡಿ ‘ವೇಸ್ಟ್ ವಿಯರ್’. ತಮಾಷೆಯೆಂದರೆ, ‘ಬಂಡ್’ ಇಂಗ್ಲಿಷರ ಸ್ವಂತ ಮಾತಲ್ಲ, ಪಾರಸಿ ಮೂಲದ ‘ಬಂದ್’. ಅಚ್ಚುಕಟ್ಟಿಗೆ ಅವರು ಬರೆದ ‘ಅಯಕಟ್’ ಅಂತೂ ದಕ್ಷಿಣದ ‘ಆಯಕಟ್ಟು’ ಪದವೇ!

1963ರಲ್ಲಿ ರಾಜ್ಯಭಾಷಾ ಕಾಯಿದೆ ಬಂದ ಮೇಲೆ ಕಡತಗಳು ಮೆಲ್ಲನೆ ಕನ್ನಡಕ್ಕೆ ತಿರುಗಿದವು. ಏರಿ, ತೂಬು, ಕೋಡಿಗಳಿಗೆ ಹೊಸ ಪದ ಬೇಕಿರಲಿಲ್ಲ. 1894ರ ಕಿಟ್ಟೆಲ್ ನಿಘಂಟಿನಲ್ಲೇ ಅವು ಇದ್ದವು. ತೊಡಕು ಬೇರೆ ಕಡೆ. ‘ವಾಟರ್‌ಶೆಡ್’ ಎಂದರೆ ಬ್ರಿಟಿಷರಿಗೆ ಎರಡು ನದಿಗಳ ನೀರನ್ನು ಬೇರ್ಪಡಿಸುವ ದಿಣ್ಣೆ, ಅಮೆರಿಕನ್ನರಿಗೆ ಒಂದೇ ಹೊಳೆಗೆ ನೀರು ಕೂಡಿಬರುವ ಪ್ರದೇಶ. ನಮ್ಮ ‘ಜಲಾನಯನ’ ಈ ಎರಡನೆಯದು. ಹಳೆಯ ಬ್ರಿಟಿಷ್ ವರದಿಯನ್ನು ಅನುವಾದಿಸುವಾಗ ಅದನ್ನೇ ಬಳಸಿದರೆ ದಿಣ್ಣೆ ಹೋಗಿ ಬಯಲಾಗುತ್ತದೆ.

ಇದು ಬರೀ ಪಂಡಿತರ ಜಗಳವೆನ್ನಬೇಡಿ. ತೂಬು ಎತ್ತುವ ದಿನ ಸಾರುವ ನೋಟೀಸಿನಲ್ಲಿ ‘ಜಲನಿರ್ಗಮದ್ವಾರ’ ಎಂದಿದ್ದರೆ, ಗದ್ದೆಯ ರೈತ ನಾಟಿಗೆ ಆಳುಗಳನ್ನು ಯಾವತ್ತು ಕರೆಯಬೇಕು?