ಕಾಲಿನ ಕೆಳಭಾಗದ ಪುನರ್ರಚನೆ: ಮೈಕ್ರೋಸರ್ಜರಿ ಮತ್ತು ಮೈಸೂರಿನ ಸಂದರ್ಭ

ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಕವಸ್‌ಜಿ ಟಿಪ್ಪುವಿನ ಸೆರೆಯಲ್ಲಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು, ಪುಣೆಯ ಬಳಿ ಅವನಿಗೆ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಲಾಯಿತೆಂದು ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜಿನ್' 1794ರಲ್ಲಿ ವರದಿ ಮಾಡಿತು. ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯೊಳಗೆ ಮೈಸೂರು ಬರುವುದು ಹೀಗೆ, ಗಾಯದ ಪಾಲುದಾರನಾಗಿ! ಹಣೆ ಮೂಗಿಗೆ ಹತ್ತಿರವಿದ್ದುದರಿಂದ ಚರ್ಮದ ಬುಡವನ್ನು ಕಡಿಯದೆ, ರಕ್ತಸಂಚಾರ ಉಳಿಸಿಕೊಂಡೇ ತಿರುಗಿಸಲು ಸಾಧ್ಯವಾಯಿತು. ಕಾಲಿನ ಕೆಳಭಾಗಕ್ಕೆ ಅಂಥ ನೆರೆಹೊರೆ ಇಲ್ಲ.

ಟಿಬಿಯಾ ಮೂಳೆಯ ಒಳಮಗ್ಗುಲಿಗೆ ಚರ್ಮವೊಂದೇ ಹೊದಿಕೆ. ಮೊಣಕಾಲಿನ ಹತ್ತಿರದ ಗಾಯವನ್ನು ಮೀನಖಂಡದ ಗ್ಯಾಸ್ಟ್ರೊಕ್ನೀಮಿಯಸ್ ಸ್ನಾಯುವಿನಿಂದ, ನಡುಭಾಗದ್ದನ್ನು ಸೋಲಿಯಸ್‌ನಿಂದ ಮುಚ್ಚಬಹುದು. ಪಾದದ ಗಂಟಿನ ಕಡೆಗೆ ಬಂದಂತೆ ಸ್ನಾಯು ಮುಗಿದು ರಜ್ಜುಗಳಷ್ಟೆ ಉಳಿಯುತ್ತವೆ. ಪೊರೆ ಕಳಚಿದ ಮೂಳೆಯ ಮೇಲೆ ಚರ್ಮದ ಕಸಿ ಹಿಡಿಯದು. ಸಣ್ಣ ಗಾಯಕ್ಕೆ, ಮೀನಖಂಡದ ಹಿಂಬದಿಯ ಚರ್ಮವನ್ನು ಬುಡ ಕಡಿಯದೆ ತಿರುಗಿಸುವ ಸೂರಲ್ ಫ್ಲಾಪ್ ಸಾಕಾದೀತು. ದೊಡ್ಡದಾದರೆ ತೊಡೆಯಿಂದಲೋ ಬೆನ್ನಿನಿಂದಲೋ ಅಂಗಾಂಶವನ್ನು ಧಮನಿ, ಸಿರೆಗಳ ಸಮೇತ ಬಿಡಿಸಿ ತಂದು, ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳುವಾದ ದಾರದಿಂದ ಕಾಲಿನ ರಕ್ತನಾಳಗಳಿಗೆ ಹೊಲಿಯಬೇಕು. 1973ರಲ್ಲಿ ಸರ್ಜನ್ನರಾದ ಡೇನಿಯಲ್ ಮತ್ತು ಟೇಲರ್ ಮೆಲ್ಬರ್ನ್‌ನಿಂದ ವರದಿ ಮಾಡಿದ ಇಂಥ ಫ್ಲಾಪ್ ಸೇರಿದ್ದೂ ಗಾಯಗೊಂಡ ಕಾಲಿಗೇ.

ಯಾವಾಗ ಹೊಲಿಯಬೇಕು? ಲ್ಯುಬ್ಲಿಯಾನದ ಸರ್ಜನ್ ಮಾರ್ಕೊ ಗೊಡಿನಾ 1986ರಲ್ಲಿ ಕೈಕಾಲು ಗಾಯದ 532 ರೋಗಿಗಳ ವಿವರ ಪ್ರಕಟಿಸಿದರು. 72 ಗಂಟೆಯೊಳಗೆ ಮುಚ್ಚಿದಾಗ ಶೇ. 0.75 ಫ್ಲಾಪ್‌ಗಳು ವಿಫಲವಾಗಿದ್ದವು. ಅನಂತರದ ಮೂರು ತಿಂಗಳೊಳಗೆ ಮುಚ್ಚಿದಾಗ ಶೇ. 12. ಸೋಂಕಿನ ಪ್ರಮಾಣವೂ ಶೇ. 1.5ರಿಂದ 17.5ಕ್ಕೆ ಏರಿತ್ತು.

72 ಗಂಟೆಯ ಈ ಗಡುವನ್ನು ಮೈಸೂರಿನಲ್ಲಿ ಹಾಗೆಯೇ ಪಾಲಿಸುವುದು ಕಷ್ಟ. ಇಲ್ಲಿಗೆ ಗಾಯಾಳುಗಳು ಎಚ್.ಡಿ. ಕೋಟೆ, ಚಾಮರಾಜನಗರ, ಕೊಡಗಿನಿಂದಲೂ ಬರುತ್ತಾರೆ. ದಾರಿಯ ಆಸ್ಪತ್ರೆಗಳಲ್ಲೇ ಹೊತ್ತು ಹೋಗುತ್ತದೆ. 2019ರಲ್ಲಿ ಅಮೆರಿಕದ ತಂಡವೊಂದು ಗೊಡಿನಾ ಸೂತ್ರವನ್ನು ಮರುಪರಿಶೀಲಿಸಿ, ಈ ಅವಧಿಯನ್ನು ಹತ್ತು ದಿನಕ್ಕೆ ಹಿಗ್ಗಿಸಬಹುದೆಂದಿದೆ. ಆದರೆ ಸತ್ತ ಅಂಗಾಂಶವನ್ನು ಮೊದಲ ದಿನವೇ ಪೂರ್ತಿ ಕತ್ತರಿಸಿ ತೆಗೆಯದಿದ್ದರೆ ಈ ಸಡಿಲಿಕೆಗೆ ಅರ್ಥವಿಲ್ಲವೆಂಬುದು ನನ್ನ ನಿಲುವು. ಕಾಯುವ ದಿನಗಳಲ್ಲಿ ಹಾಕುವ ನಿರ್ವಾತ ಪಟ್ಟಿ ಗಾಯವನ್ನು ಚೊಕ್ಕಟವಾಗಿ ಕಾಣಿಸುತ್ತದೆ. ಅಡಿಯಲ್ಲಿ ಕೊಳೆತದ್ದನ್ನು ತೆಗೆಯುವುದಿಲ್ಲ.

ನಮಗೆ ಹತ್ತಿರದ ಮಾದರಿ ಕೊಯಮತ್ತೂರಿನ ಗಂಗಾ ಆಸ್ಪತ್ರೆ. ಅಲ್ಲಿ ಮೂಳೆ ತಜ್ಞರೂ ಪ್ಲಾಸ್ಟಿಕ್ ಸರ್ಜನ್ನರೂ ಆರಂಭದಿಂದಲೇ ಕೂಡಿ ನಿರ್ಧರಿಸುತ್ತಾರೆ. ಗಾಯದ ತೀವ್ರತೆಯನ್ನು ಅಳೆಯುವ, 2006ರಲ್ಲಿ ಪ್ರಕಟವಾದ ಅವರ ಅಂಕಪದ್ಧತಿಯಲ್ಲಿ 14 ಅಥವಾ ಅದಕ್ಕಿಂತ ಕಡಿಮೆಯಾದರೆ ಕಾಲು ಉಳಿಸುವ ಯತ್ನ, 17 ಅಥವಾ ಹೆಚ್ಚಾದರೆ ಅಂಗಚ್ಛೇದನದ ಸಲಹೆ. ಈ ಕೂಡುನೋಟದ ಬೆಲೆ ತಿಳಿಯುವುದು ಮುರಿದ ಮೂಳೆಯನ್ನು ಹೊರಗಿನಿಂದ ರಾಡ್ ಹಾಕಿ ಹಿಡಿದಿಡುವಾಗ. ಮೂಳೆಗೆ ಅನುಕೂಲವೆಂದು ಹೊರಗಿನ ಫಿಕ್ಸೇಟರನ್ನು ಒಳಮಗ್ಗುಲಿಗೇ ಕೂರಿಸಿಬಿಟ್ಟರೆ, ಹಿಂಬದಿಯ ಟಿಬಿಯಲ್ ಧಮನಿಗೆ ಹೊಲಿಗೆ ಹಾಕಬೇಕಾದವರ ಕೈಗೆ ದಾರಿಯೇ ಇರುವುದಿಲ್ಲ.