ಎರವಲು ಕೋಡ್‌ನ ಭದ್ರತೆ: ತಂತ್ರಾಂಶ ಲೈಬ್ರರಿಗಳ ದೋಷಗಳು ಮತ್ತು ಅವುಗಳ ಅಧ್ಯಯನ ಬೆಳೆದ ಬಗೆ

ವಿಜಯಪುರ ನಗರದ ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಾಗಲಿ, 2018ರ ಹೊತ್ತಿಗೆ ಹೊಸ ತಾಲ್ಲೂಕುಗಳಾದ ತಿಕೋಟಾ ಮತ್ತು ಬಬಲೇಶ್ವರದಲ್ಲಿ ರೈತರು ಜಮೀನಿನ ಉತಾರ ಪಡೆಯುವ ಕಿಂಡಿಯಲ್ಲಾಗಲಿ ನಡೆಯುವ ತಂತ್ರಾಂಶವನ್ನು ಬರೆದವರು ಯಾರು ಎಂದು ಕೇಳಿದರೆ ಒಂದು ಕಂಪನಿಯ ಅಥವಾ ಒಂದು ಸರ್ಕಾರಿ ಸಂಸ್ಥೆಯ ಹೆಸರು ಸಿಗುತ್ತದೆ. ಆ ಉತ್ತರ ಪೂರ್ತಿ ಸರಿಯಲ್ಲ. ದಿನಾಂಕ ಲೆಕ್ಕ ಹಾಕುವುದು, ಪಿಡಿಎಫ್ ತಯಾರಿಸುವುದು, ಪಾಸ್‌ವರ್ಡನ್ನು ಗೂಢಲಿಪಿಗೆ ತಿರುಗಿಸುವುದು ಮುಂತಾದ ಕೆಲಸಗಳಿಗೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನ ಕಟ್ಟುಗಳಿಗೆ ಲೈಬ್ರರಿ ಎಂದು ಹೆಸರು. ಒಂದು ತಂತ್ರಾಂಶವು ತನ್ನ ಕೆಲಸಕ್ಕಾಗಿ ಇಂಥ ಲೈಬ್ರರಿಯನ್ನು ನೆಚ್ಚಿಕೊಂಡಿರುವುದಕ್ಕೆ ಅವಲಂಬನೆ ಅಥವಾ ಡಿಪೆಂಡೆನ್ಸಿ ಎನ್ನುತ್ತಾರೆ. ಸಿನಾಪ್ಸಿಸ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅದು ಪರಿಶೀಲಿಸಿದ ಸಾವಿರಕ್ಕೂ ಹೆಚ್ಚು ವಾಣಿಜ್ಯ ತಂತ್ರಾಂಶಗಳ ಪೈಕಿ ಶೇ. 96ರಲ್ಲಿ ಮುಕ್ತ ಆಕರದ, ಎಂದರೆ ಯಾರು ಬೇಕಾದರೂ ಓದಿ ಬಳಸಬಹುದಾದ, ಭಾಗಗಳಿದ್ದವು. ಒಟ್ಟು ಕೋಡ್‌ನಲ್ಲಿ ಶೇ. 77ರಷ್ಟು ಅಂಥ ಎರವಲೇ ಆಗಿತ್ತು. ಈ ಎರವಲಿನಲ್ಲಿ ಅಡಗಿರುವ ಭದ್ರತಾ ದೋಷಗಳ ಅಧ್ಯಯನ ಈಗ ಸ್ವತಂತ್ರ ಶಾಖೆಯಾಗಿ ಬೆಳೆದಿದ್ದು, ದೋಷವನ್ನು ಕಂಡುಹಿಡಿಯುವುದು ಹೇಗೆ ಎಂಬಲ್ಲಿಂದ ಹೊರಟು, ತನ್ನ ತಂತ್ರಾಂಶದೊಳಗೆ ಏನಿದೆ ಎಂದು ತಿಳಿದಿರಬೇಕಾದ ಹೊಣೆ ಯಾರದು ಎಂಬಲ್ಲಿಗೆ ಬಂದು ನಿಂತಿದೆ.

ಸಿದ್ಧ ಬಿಡಿಭಾಗಗಳನ್ನು ಜೋಡಿಸಿ ತಂತ್ರಾಂಶ ಕಟ್ಟಬೇಕೆಂಬ ವಿಚಾರವನ್ನು ಡಗ್ ಮೆಕಿಲ್‌ರಾಯ್ ಅವರು 1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನಡೆದ ನ್ಯಾಟೋ ಸಮ್ಮೇಳನದಲ್ಲಿ ಮಂಡಿಸಿದ್ದರು. 1984ರಲ್ಲಿ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಕೆನ್ ಥಾಂಪ್ಸನ್ ಅವರು, ತಾನೇ ಬರೆಯದ ಕೋಡನ್ನು ಪೂರ್ತಿ ನಂಬುವಂತಿಲ್ಲವೆಂದು ತೋರಿಸಿಕೊಟ್ಟರು. ಮೊದಲಿನ ವಿಚಾರವನ್ನು ಉದ್ಯಮ ಕೈಹಿಡಿದು ಅಪ್ಪಿಕೊಂಡಿತು, ಎರಡನೆಯದನ್ನು ತರಗತಿಯ ಪಾಠಕ್ಕೆ ಬಿಟ್ಟಿತು. 1995ರ ಸಿಪ್ಯಾನ್‌ನಿಂದ ಹಿಡಿದು 2010ರ ಎನ್‌ಪಿಎಂವರೆಗೆ ಹಲವು ಪ್ರೋಗ್ರಾಮಿಂಗ್ ಭಾಷೆಗಳಿಗೆ ಒಂದೊಂದು ಲೈಬ್ರರಿ ಭಂಡಾರ ಹುಟ್ಟಿಕೊಂಡು, ಒಂದು ಆಜ್ಞೆ ಟೈಪ್ ಮಾಡಿದರೆ ಬೇಕಾದ ಕೋಡ್ ಇಳಿಯುವಂತಾಯಿತು. ಅಪಾಯದ ಮೊದಲ ಸ್ಪಷ್ಟ ಸೂಚನೆ 2002ರಲ್ಲೇ ಬಂದಿತ್ತು: ಕಡತಗಳನ್ನು ಕುಗ್ಗಿಸುವ ಜೆಡ್‌ಲಿಬ್ ಎಂಬ ಸಣ್ಣ ಲೈಬ್ರರಿಯಲ್ಲಿ ದೋಷ ಕಂಡಾಗ, ಅದನ್ನು ತಮ್ಮೊಳಗೇ ನಕಲು ಮಾಡಿಕೊಂಡಿದ್ದ ಅಸಂಖ್ಯ ತಂತ್ರಾಂಶಗಳನ್ನು ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು.

ದೋಷಗಳಿಗೆ ಸಿವಿಇ ಎಂಬ ಏಕರೂಪದ ಗುರುತಿನ ಸಂಖ್ಯೆ ಕೊಡುವ ಪದ್ಧತಿ 1999ರಲ್ಲಿ ಆರಂಭವಾದದ್ದು ಈ ಶಾಖೆಗೆ ಬುನಾದಿಯಾಯಿತು. ಆದರೂ ಲೈಬ್ರರಿ ಎಂಬ ಮಾತು ಸಾರ್ವಜನಿಕ ಚರ್ಚೆಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷದಿಂದ. ಬ್ಯಾಂಕಿನ ಜಾಲತಾಣದ ವಿಳಾಸದ ಪಕ್ಕ ಬೀಗದ ಚಿಹ್ನೆ ಮೂಡಲು ಬೇಕಾದ ಗೂಢಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ, ಸಂಪರ್ಕ ಜೀವಂತವಾಗಿದೆಯೇ ಎಂದು ಪರೀಕ್ಷಿಸಲು ಒಂದು ಕಂಪ್ಯೂಟರ್ ಸಣ್ಣ ಸಂದೇಶವನ್ನೂ ಅದರ ಉದ್ದವನ್ನೂ ಕಳಿಸಿದರೆ ಇನ್ನೊಂದು ಅದನ್ನೇ ಮರಳಿಸುವ ಏರ್ಪಾಡಿತ್ತು; ಹೇಳಿದ ಉದ್ದಕ್ಕೂ ಕಳಿಸಿದ ಸಂದೇಶಕ್ಕೂ ತಾಳೆಯಿದೆಯೇ ಎಂದು ನೋಡುವ ಒಂದು ಸಾಲು ಬಿಟ್ಟುಹೋಗಿದ್ದರಿಂದ, ನಾಲ್ಕಕ್ಷರ ಕಳಿಸಿ 64 ಕಿಲೋಬೈಟ್ ಕೇಳಿದವನಿಗೆ ಸರ್ವರ್ ತನ್ನ ಸ್ಮೃತಿಯಲ್ಲಿದ್ದ ಪಾಸ್‌ವರ್ಡ್‌ಗಳನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು. ಎರಡು ವರ್ಷ ಯಾರ ಕಣ್ಣಿಗೂ ಇದು ಬಿದ್ದಿರಲಿಲ್ಲ. ಜಗತ್ತಿನ ಹಣಕಾಸು ವ್ಯವಹಾರ ನೆಚ್ಚಿಕೊಂಡಿದ್ದ ಈ ಲೈಬ್ರರಿಗೆ ಆಗ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂಬುದು ದೋಷಕ್ಕಿಂತ ಹೆಚ್ಚು ನಾಚಿಕೆಗೇಡಿನ ಸಂಗತಿ. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಹೋದಾಗ ಇನ್ನೊಂದು ಪಾಠ ಸೇರಿಕೊಂಡಿತು: ಅಲ್ಲಿ ದುರ್ಬಳಕೆಯಾದ ಅಪಾಚೆ ಸ್ಟ್ರಟ್ಸ್ ಎಂಬ ಲೈಬ್ರರಿಯ ದೋಷಕ್ಕೆ ಮಾರ್ಚ್‌ನಲ್ಲೇ ತಿದ್ದುಪಡಿ ಬಂದಿತ್ತು, ಕಳವು ಆರಂಭವಾದದ್ದು ಮೇ ತಿಂಗಳಲ್ಲಿ.

ಇವು ದೂರದ ಸಂಗತಿಗಳೆಂದು ತೋರಬಹುದು. ಆದರೆ ಆಂಡ್ರಾಯ್ಡ್ ಫೋನಿನ ಪರದೆಯ ಮೇಲೆ ‘ರಾಷ್ಟ್ರ’ ಎಂಬ ಪದ ಮೂಡುವಾಗ ಯಾವ ಒತ್ತಕ್ಷರ ಎಲ್ಲಿ ಕೂರಬೇಕೆಂದು ನಿರ್ಧರಿಸುವುದು ಹಾರ್ಫ್‌ಬಜ್ ಎಂಬ ಲೈಬ್ರರಿ, ಅಕ್ಷರದ ಬಾಹ್ಯರೇಖೆಯನ್ನು ಪರದೆಯ ಚುಕ್ಕೆಗಳಾಗಿ ಬಿಡಿಸುವುದು ಫ್ರೀಟೈಪ್ ಎಂಬ ಲೈಬ್ರರಿ; ಕನ್ನಡ ಓದುವವರಲ್ಲಿ ಈ ಹೆಸರುಗಳನ್ನು ಕೇಳಿದವರು ವಿರಳ. 2020ರ ಅಕ್ಟೋಬರ್‌ನಲ್ಲಿ, ಫಾಂಟ್‌ನೊಳಗೆ ಅಡಕವಾದ ಚಿತ್ರಗಳನ್ನು ಓದುವ ಫ್ರೀಟೈಪ್‌ನ ಭಾಗದಲ್ಲಿದ್ದ ದೋಷವನ್ನು ದಾಳಿಕೋರರು ಬಳಸುತ್ತಿದ್ದಾರೆಂದು ತಿಳಿದು ಗೂಗಲ್ ತನ್ನ ಕ್ರೋಮ್ ಬ್ರೌಸರನ್ನು ತುರ್ತಾಗಿ ಬದಲಾಯಿಸಿತು. 2025ರ ಮಾರ್ಚ್‌ನಲ್ಲಿ ಅದೇ ಲೈಬ್ರರಿಯಲ್ಲಿ ಮತ್ತೊಂದು ದೋಷ ಪ್ರಕಟವಾಗಿ, ಆಂಡ್ರಾಯ್ಡ್‌ಗೆ ತಿದ್ದುಪಡಿ ಮೇ ತಿಂಗಳಲ್ಲಿ ಬಂದಿತು. ತಯಾರಕ ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೆಯ ಫೋನುಗಳಿಗೆ ಇಂಥ ತಿದ್ದುಪಡಿ ತಲುಪುವುದಿಲ್ಲ, ಮತ್ತು ಹಳ್ಳಿಗಳಲ್ಲಿ ಹೆಚ್ಚು ಕಾಲ ಬಾಳುವುದು ಅಂಥ ಫೋನುಗಳೇ.

ಅವಲಂಬನೆಯ ಆಳ ಎಷ್ಟೆಂಬುದು ಸಂಶೋಧಕರಿಗೆ ಮನದಟ್ಟಾದದ್ದು ಮುಂದಿನ ಹಂತದಲ್ಲಿ. ಒಂದು ಲೈಬ್ರರಿ ತನ್ನ ಕೆಲಸಕ್ಕೆ ಇನ್ನೊಂದನ್ನು, ಅದು ಮತ್ತೊಂದನ್ನು ಎಳೆದು ತರುವುದರಿಂದ ಆಯ್ಕೆ ಮಾಡದೆ ಒಳಬರುವ ಕೋಡ್‌ಗೆ ಪರೋಕ್ಷ ಅವಲಂಬನೆ ಎನ್ನುತ್ತಾರೆ. ಎನ್‌ಪಿಎಂ ಭಂಡಾರವನ್ನು ಕುರಿತು 2019ರಲ್ಲಿ ಪ್ರಕಟವಾದ ಝಿಮ್ಮರ್‌ಮನ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ಸರಾಸರಿ ಒಂದು ಪ್ಯಾಕೇಜ್, ಎಂದರೆ ಭಂಡಾರದ ಒಂದು ಲೈಬ್ರರಿ, ಹಾಕಿಕೊಂಡವನು ಅರಿವಿಲ್ಲದೆಯೇ ಇತರ 79 ಪ್ಯಾಕೇಜುಗಳನ್ನೂ 39 ಜನ ನಿರ್ವಾಹಕರನ್ನೂ ನಂಬಿರುತ್ತಾನೆ. 2021ರ ಡಿಸೆಂಬರ್‌ನ ಲಾಗ್‌ಫೋರ್‌ಶೆಲ್ ಪ್ರಕರಣ ಈ ಲೆಕ್ಕವನ್ನು ಅನುಭವಕ್ಕೆ ತಂದಿತು. ಲಾಗ್‌ಫೋರ್‌ಜೆ ಎಂಬುದು ತಂತ್ರಾಂಶದಲ್ಲಿ ನಡೆದ ಘಟನೆಗಳನ್ನು ದಿನಚರಿಯಂತೆ ಬರೆದಿಡುವ ಜಾವಾ ಲೈಬ್ರರಿ. ಬರೆಯಬೇಕಾದ ಪಠ್ಯದಲ್ಲಿ ಒಂದು ನಿರ್ದಿಷ್ಟ ಚಿಹ್ನೆಯೊಡನೆ ಬೇರೊಂದು ಸರ್ವರ್‌ನ ವಿಳಾಸವಿದ್ದರೆ, ಅದು ಆ ಸರ್ವರ್‌ಗೆ ಹೋಗಿ ಅಲ್ಲಿಂದ ಬಂದದ್ದನ್ನು ಚಲಾಯಿಸುವ ಸೌಲಭ್ಯ 2013ರಿಂದಲೇ ಇತ್ತು. ಹೀಗಾಗಿ ಲಾಗಿನ್ ಪೆಟ್ಟಿಗೆಯಲ್ಲಿ ಹೆಸರಿನ ಬದಲು ಅಂಥ ಒಂದು ಸಾಲು ಟೈಪ್ ಮಾಡಿದರೆ ಸಾಕಿತ್ತು. ಗೂಗಲ್‌ನ ಸಂಶೋಧಕರು ಎಣಿಸಿದಾಗ ಜಾವಾದ ಮುಖ್ಯ ಭಂಡಾರದಲ್ಲಿ 35,000ಕ್ಕೂ ಹೆಚ್ಚು ಪ್ಯಾಕೇಜುಗಳು ಇದಕ್ಕೆ ಸಿಕ್ಕಿದ್ದವು, ಅವುಗಳ ಪೈಕಿ ಶೇ. 80ಕ್ಕೂ ಹೆಚ್ಚಿನವುಗಳಲ್ಲಿ ದೋಷ ಒಂದು ಮೆಟ್ಟಿಲಿಗಿಂತ ಕೆಳಗೆ ಕೂತಿತ್ತು. ಭಾರತದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್ ಎಚ್ಚರಿಕೆ ಹೊರಡಿಸಿತು. ಆದರೆ ತನ್ನಲ್ಲಿ ಲಾಗ್‌ಫೋರ್‌ಜೆ ಇದೆ ಎಂದೇ ತಿಳಿಯದವರಿಗೆ ಎಚ್ಚರಿಕೆಯಿಂದ ಆಗುವ ಪ್ರಯೋಜನ ಕಡಿಮೆ.

ಇಷ್ಟರಲ್ಲಿ ಅಜಾಗರೂಕತೆಯ ಜೊತೆಗೆ ದುರುದ್ದೇಶವೂ ಸೇರಿಕೊಂಡಿತ್ತು. 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಜನಪ್ರಿಯ ಪ್ಯಾಕೇಜಿನ ನಿರ್ವಹಣೆಯನ್ನು ಕೇಳಿ ಪಡೆದ ಅಪರಿಚಿತನೊಬ್ಬ ಬಿಟ್‌ಕಾಯಿನ್ ಕದಿಯುವ ಕೋಡನ್ನು ಅದರಲ್ಲಿ ಸೇರಿಸಿದ. 2024ರಲ್ಲಿ ಎಕ್ಸ್‌ಜೆಡ್ ಲೈಬ್ರರಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿಕೊಟ್ಟು ವಿಶ್ವಾಸ ಗಳಿಸಿ ಸಹ ನಿರ್ವಾಹಕನಾಗಿದ್ದ ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿ ಅದರಲ್ಲಿ ಹಿಂಬಾಗಿಲು ಇಟ್ಟಿದ್ದು, ದೂರದ ಸರ್ವರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಏಕೆಂದು ಕೆದಕಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ನಿಂದಾಗಿ ಮಾರ್ಚ್ 29ರಂದು ಬಯಲಾಯಿತು. ಅದನ್ನು ಹಿಡಿದದ್ದು ಯಾವ ಸ್ವಯಂಚಾಲಿತ ಸಾಧನವೂ ಅಲ್ಲ.

ಭಾರತದ ಸಣ್ಣ ಬ್ಯಾಂಕುಗಳ ಮಟ್ಟಿಗೆ ಅತ್ಯಂತ ಹತ್ತಿರದ ಉದಾಹರಣೆ ಅದೇ ವರ್ಷದ ಜುಲೈನದು. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರ ಮುಂದಾಳತ್ವದಲ್ಲಿ 1912ರಲ್ಲಿ ಹುಟ್ಟಿದ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಕಾಲದಲ್ಲಿ ಖಾತೆಪುಸ್ತಕವನ್ನು ಬ್ಯಾಂಕೇ ಬರೆದು ಬ್ಯಾಂಕೇ ಕಾಯುತ್ತಿತ್ತು. ಇಂದು ದೇಶದ ಅನೇಕ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು ತಂತ್ರಾಂಶವನ್ನೂ ಸರ್ವರನ್ನೂ ಸೇವಾ ಕಂಪನಿಗಳಿಂದ ಪಡೆಯುತ್ತವೆ. ಅಂಥ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ್ಯಾನ್ಸಮ್‌ವೇರ್ ದಾಳಿಯಾದಾಗ, ಅಂದರೆ ಕಡತಗಳಿಗೆ ಬೀಗ ಹಾಕಿ ಬಿಡುಗಡೆಗೆ ಹಣ ಕೇಳುವ ದಾಳಿಯಾದಾಗ, ರಾಷ್ಟ್ರೀಯ ಪಾವತಿ ನಿಗಮವು ಜುಲೈ 31ರಂದು ಆ ಕಂಪನಿಯನ್ನು ತನ್ನ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮತ್ತಿತರ ಪಾವತಿ ನಿಂತು, ಮರುದಿನ ಸಂಪರ್ಕ ಮರಳಿತು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ ದಾಳಿ ಆರಂಭವಾದದ್ದು ಸೇವಾ ಕಂಪನಿಯ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯ ಜೆಂಕಿನ್ಸ್ ಸರ್ವರ್‌ನಿಂದ. ಜೆಂಕಿನ್ಸ್ ಎಂಬುದು ತಂತ್ರಾಂಶವನ್ನು ಜೋಡಿಸಿ ಪರೀಕ್ಷಿಸುವ ಸಾಧನ. ಅದು ಆಜ್ಞೆಗಳನ್ನು ಬಿಡಿಸಿ ಓದಲು ಆರ್ಗ್ಸ್‌ಫೋರ್‌ಜೆ ಎಂಬ ಪುಟ್ಟ ಲೈಬ್ರರಿಯನ್ನು ಬಳಸುತ್ತದೆ. ‘@’ ಚಿಹ್ನೆಯ ಮುಂದೆ ಕಡತದ ಹೆಸರು ಬಂದರೆ ಆ ಕಡತದ ಒಳಗಿನದನ್ನೇ ತಂದಿಡುವ ಸೌಲಭ್ಯ ಆ ಲೈಬ್ರರಿಯಲ್ಲಿದ್ದು, ಜೆಂಕಿನ್ಸ್ ಅದನ್ನು ನಿಷ್ಕ್ರಿಯಗೊಳಿಸಿರಲಿಲ್ಲ. ಹೊರಗಿನವರು ಸರ್ವರ್‌ನ ಕಡತಗಳನ್ನು ಓದಬಹುದಾದ ಈ ದೋಷವನ್ನು ಸೋನಾರ್ ಸಂಸ್ಥೆಯ ಯಾನಿವ್ ನಿಜ್ರಿ ಗುರುತಿಸಿ, ತಿದ್ದುಪಡಿ 2024ರ ಜನವರಿ 24ರಂದೇ ಹೊರಬಂದಿತ್ತು. ಬ್ಯಾಂಕು, ಅದರ ಸೇವಾ ಕಂಪನಿ, ಅದರ ಸಹಯೋಗಿ, ಸಹಯೋಗಿಯ ಸಾಧನ, ಸಾಧನದೊಳಗಿನ ಲೈಬ್ರರಿ: ಐದನೆಯ ಕೊಂಡಿಯ ಹೆಸರನ್ನು ಮೊದಲನೆಯ ಕೊಂಡಿಯಲ್ಲಿ ಕೇಳಿದವರಿರಲಿಕ್ಕಿಲ್ಲ. ಲಾಗ್‌ಫೋರ್‌ಜೆಯಂತೆ ಇಲ್ಲಿಯೂ ಲೈಬ್ರರಿ ತಪ್ಪು ಮಾಡಲಿಲ್ಲ, ತನಗೆ ಹೇಳಿಕೊಟ್ಟಂತೆಯೇ ನಡೆದುಕೊಂಡಿತು. ಈ ಕ್ಷೇತ್ರದ ದೊಡ್ಡ ಅನಾಹುತಗಳಲ್ಲಿ ಕೆಲವು ಹೀಗೆ ಬಹುತೇಕರಿಗೆ ಬೇಕಿಲ್ಲದ ಸೌಲಭ್ಯಗಳಿಂದ ಆದವು.

ಪರಿಹಾರಗಳ ಇತಿಹಾಸ ಇಷ್ಟು ನಾಟಕೀಯವಲ್ಲ. ಕೋಡ್‌ನಲ್ಲಿರುವ ಲೈಬ್ರರಿಗಳನ್ನು ಸಿವಿಇ ಪಟ್ಟಿಯೊಡನೆ ತಾಳೆ ನೋಡುವ ಡಿಪೆಂಡೆನ್ಸಿ-ಚೆಕ್‌ನಂಥ ಸಾಧನಗಳು 2012ರಿಂದ ಬಂದವು. 2021ರ ಮೇ ತಿಂಗಳ ಅಮೆರಿಕದ ಅಧ್ಯಕ್ಷೀಯ ಆದೇಶವು ಎಸ್‌ಬಾಮ್ ಎಂಬ ಬಿಡಿಭಾಗಗಳ ಪಟ್ಟಿಯನ್ನು, ಎಂದರೆ ತಂತ್ರಾಂಶದೊಳಗೆ ಯಾವ ಲೈಬ್ರರಿಯ ಯಾವ ಆವೃತ್ತಿ ಇದೆ ಎಂಬ ದಾಖಲೆಯನ್ನು, ಸರ್ಕಾರಿ ಖರೀದಿಯ ವಿಷಯವಾಗಿಸಿತು. ಭಾರತದಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಆಗಸ್ಟ್‌ನಲ್ಲಿ ತನ್ನ ಅಧೀನ ಸಂಸ್ಥೆಗಳಿಗೆ ಈ ಪಟ್ಟಿಯನ್ನು ವಿಧಿಸಿತು, ಸರ್ಟ್-ಇನ್ ಅಕ್ಟೋಬರ್‌ನಲ್ಲಿ ಇದರ ಮಾರ್ಗಸೂಚಿ ಹೊರಡಿಸಿತು. ಆದರೆ ಸಾಧನಗಳು ನೂರಾರು ದೋಷಗಳನ್ನು ಒಟ್ಟಿಗೆ ಮುಂದಿಡುವುದರಿಂದ ಎಂಜಿನಿಯರರು ಬೇಸತ್ತು ಎಲ್ಲವನ್ನೂ ಬದಿಗಿಡುವುದುಂಟು. ಆದ್ದರಿಂದಲೇ ಇತ್ತೀಚಿನ ಸಂಶೋಧನೆ, ದೋಷವಿರುವ ಸಾಲು ನಿಜವಾಗಿ ಚಲಾವಣೆಗೆ ಬರುತ್ತದೆಯೇ ಎಂದು ನೋಡುವತ್ತ ತಿರುಗಿದೆ. ಇನ್ನೊಂದು ಪರಿಹಾರಕ್ಕೆ ವಿಜಯಪುರದಲ್ಲೇ ಹೋಲಿಕೆ ಸಿಗುತ್ತದೆ: ತೊರವಿಯಿಂದ ಮತ್ತು ಬೇಗಂ ತಲಾಬಿನಿಂದ ವಿಜಯಪುರಕ್ಕೆ ನೀರು ತರುತ್ತಿದ್ದ ಆದಿಲಶಾಹಿ ಕೊಳವೆಮಾರ್ಗದಲ್ಲಿ ಒತ್ತಡ ತಗ್ಗಿಸಿ ಕೆಸರು ತಂಗಿಸಲು ನಡುನಡುವೆ ಗಂಜ್ ಎಂಬ ಗೋಪುರಗಳಿದ್ದವು. ಹೊರಗಿನ ಭಂಡಾರದಿಂದ ಬರುವ ಕೋಡನ್ನು ತಡೆದು, ಸಹಿ ಪರೀಕ್ಷಿಸಿ, ಆವೃತ್ತಿಯನ್ನು ಸ್ಥಿರಗೊಳಿಸಿ ಒಳಬಿಡುವ ಮಧ್ಯಂತರ ಭಂಡಾರಗಳು ಅದೇ ಕೆಲಸ ಮಾಡುತ್ತವೆ.

ಈ ವ್ಯವಸ್ಥೆಯೆಲ್ಲ ದೊಡ್ಡ ಖರೀದಿದಾರರಿಗೆ ಹೊಂದುವಂತೆ ರೂಪುಗೊಂಡಿದೆ ಎಂಬುದೇ ಅದರ ಕೊರತೆ. ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್‌ನಲ್ಲಿ ನಗರ ಸಹಕಾರಿ ಬ್ಯಾಂಕುಗಳಿಗೆ ನಾಲ್ಕು ಹಂತಗಳ ಸೈಬರ್ ಭದ್ರತಾ ಚೌಕಟ್ಟು ಕೊಟ್ಟಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 2,516 ಕೋಟಿ ರೂಪಾಯಿ ವೆಚ್ಚದಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ರಾಷ್ಟ್ರೀಯ ತಂತ್ರಾಂಶಕ್ಕೆ ತರಲು ಒಪ್ಪಿಗೆ ನೀಡಿತು. ಒಂದೇ ತಂತ್ರಾಂಶವೆಂದರೆ ಒಂದೇ ದೋಷ ಎಲ್ಲೆಡೆ ಎಂದಾಗುತ್ತದೆ, ನಿಜ. ಆದರೆ ಒಂದೇ ತಿದ್ದುಪಡಿ ಎಲ್ಲೆಡೆ ಎಂದೂ ಆಗುತ್ತದೆ, ಮತ್ತು ಸಂಘಕ್ಕೊಂದು ಕಂಪನಿ, ಕಂಪನಿಗೊಂದು ಹಳೆಯ ಆವೃತ್ತಿ ಎಂಬ ಸ್ಥಿತಿಗಿಂತ ಇದು ವಾಸಿ. ದ್ರಾಕ್ಷಿ ಬೆಳೆಗಾರರ ಸಾಲದ ಲೆಕ್ಕ ಇಡುವ ತಿಕೋಟಾ, ಬಬಲೇಶ್ವರ ಭಾಗದ ಸಂಘಗಳ ಆಡಳಿತ ಮಂಡಳಿಗಳು ಕೋಡ್ ಓದಬೇಕಾಗಿಲ್ಲ. ಬಿಡಿಭಾಗಗಳ ಪಟ್ಟಿಯನ್ನು ಕೇಳಿ ಪಡೆದರೆ ಅದನ್ನು ಓದಿ ಹೇಳಬಲ್ಲ ಶಿಕ್ಷಕರೂ ವಿದ್ಯಾರ್ಥಿಗಳೂ ವಿಜಯಪುರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿದ್ದಾರೆ. ಲೈಬ್ರರಿಗಳ ಪಟ್ಟಿ ಮತ್ತು ದೋಷ ಪ್ರಕಟವಾದ ಎಷ್ಟು ದಿನದೊಳಗೆ ತಿದ್ದುಪಡಿ ಎಂಬ ಲಿಖಿತ ಗಡುವು, ಈ ಎರಡನ್ನೂ ಕೊಡಲೊಪ್ಪದ ಕಂಪನಿಯ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ಯಾವ ಸಹಕಾರಿ ಸಂಸ್ಥೆಯೂ ನವೀಕರಿಸಬಾರದು.