ಕಂದೀಲಿಗೆ ಸಿಗದ ಗಾಳಿ

ಹಗೇವು ತೆಗೆಯುವ ದಿನ ನಮ್ಮ ಕಡೆ ಯಾರೂ ಸೀದಾ ಒಳಗೆ ಇಳಿಯುತ್ತಿರಲಿಲ್ಲ. ಜೋಳ ತುಂಬಿಟ್ಟ ಆ ನೆಲದೊಳಗಿನ ಕುಣಿಯ ಬಾಯಿ ತೆರೆದು, ಗಾಳಿ ಆಡಲಿ ಅಂತ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸತಿದ್ರು. ದೀಪ ಆರಿತೋ, ಇನ್ನೂ ಇಳಿಯೋ ಹಾಗಿಲ್ಲ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಅದು. ಆದರೆ ನೆಲದಿಂದಲೇ ಬರುವ ಇನ್ನೊಂದು ಅನಿಲ ಇದೆ, ಅದರ ನಡುವೆ ಕಂದೀಲು ಆರಾಮಾಗಿ ಉರಿಯುತ್ತದೆ. ಅದು ರೇಡಾನ್.

ಕಲ್ಲು ಮಣ್ಣಿನಲ್ಲೆಲ್ಲ ಚೂರುಪಾರು ಯುರೇನಿಯಂ ಇರುತ್ತದೆ. ಅದು ಸವೆಯುತ್ತಾ ರೇಡಿಯಂ ಆಗಿ, ರೇಡಿಯಂ ರೇಡಾನ್ ಆಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. 3.8 ದಿನಕ್ಕೆ ಅರ್ಧ ಸವೆದು ಪೊಲೋನಿಯಂನಂಥ ಧಾತುಗಳಾಗುತ್ತದೆ, ಅವು ಶ್ವಾಸಕೋಶಕ್ಕೆ ಅಂಟಿ ಕೂರುತ್ತವೆ. ಎಷ್ಟೋ ದೇಶಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟಿನ ನಂತರದ ಕಾರಣ ಇದೇ.

ಇದರ ಕತೆ ಗಣಿಯಿಂದ ಶುರು. ಕಾರ್ಪಾಥಿಯನ್ ಬೆಟ್ಟಗಳ ಗಣಿ ಊರುಗಳಲ್ಲಿ ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರಿದ್ದಾರೆ ಅಂತ ಅಗ್ರಿಕೋಲಾ 1556ರಲ್ಲೇ ಬರೆದ. ಅವನು ದೂರಿದ್ದು ಧೂಳನ್ನು. 1879ರಲ್ಲಿ ಜರ್ಮನಿಯ ಶ್ನೀಬರ್ಗ್ ಗಣಿಯವರ ಎದೆರೋಗ ಗಡ್ಡೆಯೇ ಅಂತ ಹಾರ್ಟಿಂಗ್, ಹೆಸ್ಸೆ ಎಂಬ ವೈದ್ಯರು ತೋರಿಸಿದರು. ರೇಡಿಯಂನಿಂದ ಅನಿಲ ಹೊರಡುತ್ತದೆ ಅಂತ ಡಾರ್ನ್ ಕಂಡದ್ದು 1900ರಲ್ಲಿ. ಆದರೂ ಅದು ಗಣಿಯವರ ಪಾಡು ಅಂತಲೇ ಮಂದಿ ಸುಮ್ಮನಿದ್ದರು.

1984ರ ಡಿಸೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದಲ್ಲಿ ಸ್ಟಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಹೊಕ್ಕರೆ ಸಾಕು, ವಿಕಿರಣದ ಅಲಾರಂ ಹೊಡಕೊಳ್ಳತಿತ್ತು. ಸ್ಥಾವರದಿಂದ ಹೊರಗೆ ಹೋಗುವಾಗಲ್ಲ, ಮನೆಯಿಂದ ಒಳಗೆ ಬರುವಾಗ! ಅವನ ಮನೆ ಅಳೆದರೆ ಒಂದು ಘನ ಮೀಟರ್ ಗಾಳಿಗೆ ಸುಮಾರು 1,00,000 ಬೆಕರೆಲ್. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ ಮಟ್ಟ 100. ಕುಟುಂಬ ಮನೆ ಬಿಟ್ಟಿತು, ನೆಲದಡಿಯ ಗಾಳಿಯನ್ನು ಪೈಪು ಫ್ಯಾನಿನಿಂದ ಹೊರಗೆ ಎಳೆಯುವ ವ್ಯವಸ್ಥೆ ಆದ ಮೇಲೆ ವಾಪಸ್ ಬಂತು.

ಹಂಗಾದ್ರ ನಮ್ಮ ನೆಲ ಹೆಂಗ? ಜಮಖಂಡಿ ಸುತ್ತಿನ ಕಪ್ಪು ಕಲ್ಲಿನಲ್ಲಿ ಯುರೇನಿಯಂ ಕಡಿಮೆ. ಮುಧೋಳ, ಲೋಕಾಪುರದ್ದು ಸುಣ್ಣದ ಕಲ್ಲು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಕಲಾದಗಿ ಹೆಸರಲ್ಲಿ ವಿವರಿಸಿದ ಶಿಲೆಗಳ ಸಾಲು ಅದು. ಅದೇ ಸಾಲಿನಲ್ಲಿ ಬೆಳಗಾವಿ ಜಿಲ್ಲೆಯ ದೇಶನೂರಿನ ಹತ್ತಿರ ಅಣು ಖನಿಜ ನಿರ್ದೇಶನಾಲಯದವರಿಗೆ ಯುರೇನಿಯಂ ಸಿಕ್ಕಿದೆ. ಹೆದರೋದು ಬೇಡ, ಅಳೆಯದೆ ಏನೂ ಹೇಳಲಾಗದು ಅಷ್ಟೇ.

ಹಳೇ ಮಾಳಿಗೆ ಮನೆಗೆ ಬೆಳಕಿಂಡಿ ಇತ್ತು. ಹೊಗೆ ಹೋಗಲಿ ಅಂತ ಇಟ್ಟದ್ದು, ರೇಡಾನೂ ಅದರಲ್ಲೇ ಹೋಗತಿತ್ತು. ರಬಕವಿ-ಬನಹಟ್ಟಿಯ ಕುಣಿಮಗ್ಗದಲ್ಲಿ ದಿನವಿಡೀ ಕಾಲು ನೆಲದೊಳಗೆ ಇಟ್ಟು ನೇಯ್ದವರ ಮನೆಗಳನ್ನು ಆಗ ಯಾರಾದರೂ ಅಳೆಯಬೇಕಿತ್ತು ಅನಿಸುತ್ತದೆ. ಬೆಂಗಳೂರಿನ ಮನೆಗಳನ್ನು ಅಳೆದ ಸಂಶೋಧಕರಿಗೆ ಗಾಳಿಯಾಡದ ಸಣ್ಣ ಕೋಣೆ, ಗ್ರಾನೈಟ್ ನೆಲ ಇದ್ದಲ್ಲಿ ಹೆಚ್ಚು ಸಿಕ್ಕಿತು.

ಅಳೆಯೋದು ಸರಳ. ಎಲ್‌ಆರ್-115 ಅನ್ನೋ ಕೆಂಪು ಫಿಲ್ಮಿನ ತುಂಡನ್ನು ಡಬ್ಬಿಯಲ್ಲಿಟ್ಟು ಮೂರು ತಿಂಗಳು ತೂಗುಹಾಕಬೇಕು. ಆಲ್ಫಾ ಕಣ ಬಡಿದಲ್ಲಿ ಗೀರು ಬೀಳುತ್ತದೆ. ಲ್ಯಾಬಿನಲ್ಲಿ ಅದನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅದ್ದಿ, ದೊಡ್ಡದಾದ ತೂತುಗಳನ್ನು ಎಣಿಸುತ್ತಾರೆ. ಹೆಚ್ಚಿದ್ದರೆ ಮೊದಲು ಕಿಟಕಿ ತೆಗಿ, ನೆಲದ ಬಿರುಕು ಮುಚ್ಚು. ಆಗಲೂ ಇಳಿಯದಿದ್ದರೆ ವಾಟ್ರಸನ ಪೈಪು, ಫ್ಯಾನು.

ನಮ್ಮ ಮನೆಗೆ ಸ್ಲ್ಯಾಬ್ ಹಾಕುವಾಗ ಬೆಳಕಿಂಡಿ ಬೇಡ, ಮಳೆ ಬಂದರೆ ಮುಚ್ಚೋ ಕಿರಿಕಿರಿ ಅಂದವನು ನಾನೇ. ಅವ್ವ ಮಲಗೋ ಕೋಣೆಗೆ ಗ್ರಾನೈಟ್ ಹಾಕಿಸಿ, ಎಸಿ ಕೂರಿಸಿ, ಕಿಟಕಿ ತೆಗೀಬ್ಯಾಡ ಅಂದದ್ದೂ ನಾನೇ. ಮೊದಲ ಫಿಲ್ಮು ಅಲ್ಲೇ ತೂಗುಹಾಕಬೇಕು.